ನನ್ನ ಹೆಸರಿನ ವ್ಯಾನ್

ಮಾರ್ಚ್ 3, ಸೋಮವಾರ

ಭಾನುವಾರ ವ್ಯಾನ್ ತಂದು ನಿಲ್ಲಿಸುತ್ತೇನೆ ಎಂದಿದ್ದ. ನಿನ್ನೆ ಇಡೀ ದಿನ ಅಂಗಡಿಯ ಷಟರ್ ಅರ್ಧ ಎತ್ತಿಟ್ಟು ಕೂತಿದ್ದೆ. ಬೀದಿಯಲ್ಲಿ ದೊಡ್ಡ ಗಾಡಿಯ ಸದ್ದಾದಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಟ್ಟೆ. ನಮ್ಮ ವ್ಯಾನಿನ ಸದ್ದು ನನಗೆ ಗೊತ್ತು. ಗೇರ್ ಬದಲಿಸಿದಾಗಲೆಲ್ಲ ಭಾಷಣಕ್ಕೆ ನಿಂತವರು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮುತ್ತದೆ. ಆ ಕೆಮ್ಮು ಕೇಳಲಿಲ್ಲ. ಏನೋ ಕೆಲಸ ಬಂದಿರಬೇಕು. ಬೇಕೆಂದೇ ಹೀಗೆ ಮಾಡುವವನಲ್ಲ ಅವನು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಉದ್ದ ಸೋಫಾ ಸಿದ್ಧವಾಗಿ ವಾರವಾಗಿತ್ತು. ಹೊಸ ಸ್ಪಂಜು, ಅದನ್ನು ಹೊರಲು ಅಡಿಯಲ್ಲಿ ಹೊಸ ಪಟ್ಟಿ, ಕಂದು ರೆಗ್ಜಿನ್, ಅಂಚಿಗೆಲ್ಲ ಹಗ್ಗದ ಹಾಗೆ ಉಬ್ಬಿದ ಪೈಪಿಂಗ್. ಇವತ್ತು ಬೇರೆ ದಾರಿ ಕಾಣದೆ ಮಾರುಕಟ್ಟೆ ಹತ್ತಿರ ನಿಲ್ಲುವ ಬಾಡಿಗೆ ಲಾರಿಯವನನ್ನು ಕರೆದೆ. ಸಿಮೆಂಟ್ ಚೀಲ ಎಸೆದ ಹಾಗೆ ಎತ್ತಿ ಎಸೆದ. ಇಳಿಸಿದಾಗ ನೋಡಿದರೆ ಒಂದು ಕಾಲು ಅಲುಗಾಡುತ್ತಿದೆ, ಬೆನ್ನಿಗೆ ಉದ್ದ ಗೀರು. ಡಾಕ್ಟರು ಗೀರಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು. ಕಾಯುತ್ತಿದ್ದ ರೋಗಿಗಳ ಕಾಲುಗಳ ನಡುವೆ ನೆಲದ ಮೇಲೆ ಕೂತು ಸ್ಕ್ರೂ ಬಿಗಿಮಾಡಿ ಬಂದೆ.

ಸಂಜೆ ತಂಗಿ ಬಂದಳು. ಬಾಗಿಲಲ್ಲೇ ಕೇಳಿದಳು, "ಬಂದನಾ ನಿನ್ನ ಮಹಾರಾಯ?"

"ಬರ್ತಾನೆ. ಈ ವಾರ."

"ಜನ ಗಂಡನ್ನ ಬಿಟ್ಟು ಸಾಮಾನು ತರ್ತಾರೆ ಅಕ್ಕ. ನೀನು ಗಂಡನ್ನೂ ಬಿಟ್ಟೆ, ಸಾಮಾನನ್ನೂ ಬಿಟ್ಟೆ."

ಅವಳಿಗೆ ಎಲ್ಲವೂ ತಮಾಷೆ. ವ್ಯಾನ್ ನನ್ನ ಹೆಸರಿನಲ್ಲಿದೆ ನಿಜ. ಮದುವೆಗೆ ಮುಂಚೆ, ಗಾರ್ಮೆಂಟ್ ಕಾರ್ಖಾನೆ ಬಿಟ್ಟು ಈ ಸೋಫಾ ರಿಪೇರಿ ಅಂಗಡಿ ಹಾಕಿದಾಗ ನಾನೇ ಕೊಂಡದ್ದು. ಆದರೆ ಇಷ್ಟು ವರ್ಷ ಓಡಿಸಿದವನು ಅವನು. ಕೋರ್ಟಿನಿಂದ ವಿಚ್ಛೇದನದ ಆದೇಶ ಬಂದ ದಿನ ತನ್ನ ಸಾಮಾನು ಅದರಲ್ಲೇ ತುಂಬಿಕೊಂಡು ಅಮ್ಮನ ಮನೆಗೆ ಹೋದ. ಖಾಲಿಮಾಡಿ ತರುತ್ತೇನೆ ಎಂದಿದ್ದ. ಮೂರು ತಿಂಗಳಾಯಿತು. ಅಷ್ಟೊಂದು ಸಾಮಾನೇನೂ ಇರಲಿಲ್ಲ.

ಮಾರ್ಚ್ 5, ಬುಧವಾರ

ಫೋನ್ ಮಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದ.

"ಹೇಗಿದ್ದೀಯ? ಭುಜದ ನೋವು ಕಡಿಮೆ ಆಯ್ತಾ? ಆ ಸ್ಟೇಪಲ್ ಗನ್ ಭಾರ, ಬಟ್ಟೆ ಸುತ್ಕೊಂಡು ಹಿಡಿ."

ನನ್ನ ಭುಜದ ನೋವು ಅವನಿಗೆ ನೆನಪಿದೆ. ಅದರಿಂದಲೇ ವ್ಯಾನಿನ ಮಾತು ತೆಗೆಯಲು ನಾಚಿಕೆಯಾಯಿತು. ಆದರೂ ತೆಗೆದೆ.

"ತರ್ತೀನಿ ಕಣೆ. ನಾನೇನು ಎತ್ಕೊಂಡು ಓಡಿಹೋಗ್ತೀನಾ? ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ತಂದು ನಿಲ್ಲಿಸಿದ್ರೆ ಏನು ಮಾಡ್ತೀಯ? ನಿನಗೆ ಸ್ಟೀರಿಂಗ್ ಹಿಡಿದ್ರೆ ಕೈ ನಡುಗುತ್ತೆ. ನಿಂತಲ್ಲೇ ನಿಂತ್ರೆ ಬ್ಯಾಟರಿ ಹೋಗುತ್ತೆ, ಟೈರ್ ಹೋಗುತ್ತೆ. ಇಲ್ಲಿ ಓಡಾಡ್ಕೊಂಡು ಆರೋಗ್ಯವಾಗಿದೆ."

ಫೋನ್ ಇಟ್ಟ ಮೇಲೆ ಅವನು ಹೇಳಿದ್ದೂ ಸರಿಯೇ ಅನ್ನಿಸಿತು. ನನ್ನ ಹತ್ತಿರ ಲೈಸೆನ್ಸ್ ಇದೆ, ಅಷ್ಟೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಏರುದಾರಿಯಲ್ಲಿ ಗಾಡಿ ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಹೊಡೆದು, ನನಗೆ ಕೈಕಾಲು ಆಡದೆ ಹೋಯಿತು. ಅವನು ನಗುತ್ತಲೇ ಇಳಿದು ಸುತ್ತು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಕೂತ. ಅಂದಿನಿಂದ ಆ ಸೀಟು ಅವನದು. ಬಯ್ಯಲಿಲ್ಲ. ಬಯ್ದಿದ್ದರೆ ಬಹುಶಃ ನಾನು ಮತ್ತೆ ಹತ್ತುತ್ತಿದ್ದೆ.

ಮಾರ್ಚ್ 8, ಶನಿವಾರ

ತರಲಿಲ್ಲ. ಫೋನೂ ಎತ್ತಲಿಲ್ಲ. ಮೂರು ಕುರ್ಚಿಯ ಸೀಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆ. ಕಂಡಕ್ಟರ್ ಕುರ್ಚಿಗಳಿಗೂ ಟಿಕೆಟ್ ಕೇಳಿದ.

ಮಾರ್ಚ್ 11, ಮಂಗಳವಾರ

ತಂಗಿ ಬಲವಂತದಿಂದ ಪೊಲೀಸ್ ಠಾಣೆಗೆ ಎಳೆದುಕೊಂಡು ಹೋದಳು. ಮೇಜಿನ ಹಿಂದೆ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್. ಅವರ ಕುರ್ಚಿಯ ಸೀಟು ಒಂದು ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡು ಹಳದಿ ಸ್ಪಂಜು ಹೊರಗೆ ಇಣುಕುತ್ತಿತ್ತು. ಮಾತಾಡುವಾಗ ಅವರು ಅದನ್ನೇ ಚಿವುಟಿ ಚಿವುಟಿ ಚೂರು ಮಾಡುತ್ತಿದ್ದರು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ.

"ಗಂಡ ಹೆಂಡತಿ ವಿಷಯ, ಮನೇಲೇ ಬಗೆಹರಿಸ್ಕೊಳ್ಳಿ ಅಮ್ಮ."

"ಈಗ ಗಂಡ ಹೆಂಡತಿ ಅಲ್ಲ" ಎಂದು ತಂಗಿ ಕಾಗದ ಮುಂದಿಟ್ಟಳು. ಅವರು ಕನ್ನಡಕ ಹಾಕಿ ಓದಿದರು. ವ್ಯಾನಿನ ಕಾಗದಗಳನ್ನೂ ಓದಿದರು.

"ನೀವು ಬೇರೆ ಆದ್ರಿ. ವ್ಯಾನ್ ಮಾತ್ರ ಇನ್ನೂ ಸಂಸಾರ ಮಾಡ್ತಿದೆ." ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನೋಡಿ ಅಮ್ಮ, ಕೇಸು ಗೀಸು ಅಂದ್ರೆ ಗಾಡಿ ಇಲ್ಲಿ ಅಂಗಳದಲ್ಲಿ ಬಿಸಿಲಿಗೆ ಒಣಗುತ್ತೆ. ಇನ್ನೊಂದು ಕೀಲಿ ಇದೆಯಾ?"

"ಇದೆ."

"ಹಾಗಾದ್ರೆ ನಿಮ್ಮ ಗಾಡಿ, ನಿಮ್ಮ ಕೀಲಿ. ಹಗಲು ಹೊತ್ತು ಹೋಗಿ, ಜಗಳ ಮಾಡದೆ ತನ್ನಿ. ಹೊರಡೋ ಮುಂಚೆ ನನಗೊಂದು ಫೋನ್ ಮಾಡಿ. ಅವರು ಕೈ ಮಾಡಿದ್ರೆ ನಾವು ಬರ್ತೀವಿ. ಓಡಿಸೋರು ಯಾರು?"

ತಂಗಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. "ಇವಳ ಗಂಡ" ಎಂದೆ.

ಮಾರ್ಚ್ 14, ಶುಕ್ರವಾರ

ಹೋದ ಕೆಲಸ ಆಗಲಿಲ್ಲ. ತಂಗಿಯ ಗಂಡ ಸಾಧು ಮನುಷ್ಯ; ಗ್ರಂಥಾಲಯದಲ್ಲಿ ಕೆಲಸ, ಅಲ್ಲಿ ಅಭ್ಯಾಸವಾಗಿ ಎಲ್ಲೆಲ್ಲೂ ಮೆಲುದನಿಯಲ್ಲೇ ಮಾತಾಡುತ್ತಾನೆ. ಕೀಲಿ ಹಿಡಿದು ಮಧ್ಯಾಹ್ನ ಹೋದವನು ಸಂಜೆ ಬಸ್ಸಿನಲ್ಲಿ ವಾಪಸ್ ಬಂದ. ಕೈಯಲ್ಲಿ ಒಂದು ಚೀಲ ಕಿತ್ತಳೆ ಹಣ್ಣು.

"ಅಕ್ಕ, ಅವರು ಒಳಗೆ ಕೂರಿಸಿ ಕಾಫಿ ಕೊಟ್ರು. ಕಾಫಿ ಕುಡಿದು ಗಾಡಿ ಎತ್ಕೊಂಡು ಬರೋದು ಹೇಗೆ?"

"ಕಾಫಿಗೆ ಮುಂಚೆ ಎತ್ಕೊಂಡು ಬರಬೇಕಿತ್ತು" ಎಂದಳು ತಂಗಿ.

"ಕೇಳು ಮೊದಲು. ಅವರ ಅಮ್ಮನಿಗೆ ಕಿಡ್ನಿ ಕೆಟ್ಟಿದೆಯಂತೆ. ವಾರದಲ್ಲಿ ಮೂರು ದಿನ ಡಯಾಲಿಸಿಸ್. ವ್ಯಾನಲ್ಲೇ ಕರ್ಕೊಂಡು ಹೋಗಿ ಬರೋದಂತೆ. ಗಾಡಿ ಕೊಟ್ಟುಬಿಟ್ರೆ ಅಮ್ಮನ ಗತಿ ಏನು ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು. ಪಾಪ."

ಕಿತ್ತಳೆ ಸಿಪ್ಪೆ ಸುಲಿಯುತ್ತಾ ಮೂವರೂ ಕೂತಿದ್ದೆವು. ಯಾರಿಗೂ ತಿನ್ನಲು ಮನಸ್ಸಾಗಲಿಲ್ಲ.

ಮಾರ್ಚ್ 15, ಶನಿವಾರ

ಅತ್ತೆಗೆ ಇಷ್ಟು ಆಗಿದೆಯೆಂದು ನನಗೆ ಯಾರೂ ಹೇಳಲಿಲ್ಲ. ಹೇಳುವವರು ಯಾರು? ಬೇರೆಯಾದ ಮೇಲೆ ಅವರಿಗೆ ನಾನೂ ಫೋನ್ ಮಾಡಿಲ್ಲ. ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಟೆಲಿಫೋನ್ ಕಚೇರಿಯಲ್ಲಿ ಜೀವಮಾನ ಕಳೆದವರು ಅವರು. ಬೇಕಾದಷ್ಟೇ ಮಾತು, ಮುಗಿದ ಕೂಡಲೇ ತಂತಿ ಕಿತ್ತ ಹಾಗೆ ಮೌನ. ಮದುವೆಯಾಗಿ ಅವರ ಮನೆಗೆ ಕಾಲಿಟ್ಟ ಮೊದಲ ವಾರ ನಾನು ಸ್ಟೇಪಲ್ ಪಿನ್ನಿನಿಂದ ಹೆಬ್ಬೆರಳು ಚುಚ್ಚಿಕೊಂಡಾಗ ಏನೂ ಕೇಳದೆ ಬಂದು ಕಟ್ಟುಹಾಕಿ, "ಕೆಲಸ ಬಿಡಬೇಡ" ಎಂದಷ್ಟೇ ಹೇಳಿ ಹೋಗಿದ್ದರು. ಗಾಯದ ಬಗ್ಗೆ ಅಲ್ಲ, ಅಂಗಡಿಯ ಬಗ್ಗೆ ಎಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ವ್ಯಾನ್ ಅಲ್ಲೇ ಇರಲಿ. ಕುರ್ಚಿ ಹೊತ್ತುಕೊಂಡು ಹೋದರೆ ನನಗೇನೂ ಆಗುವುದಿಲ್ಲ. ಇಲ್ಲಿಗೆ ಮುಗಿಯಿತು. ಇನ್ನು ಈ ವಿಷಯ ಬರೆಯುವುದಿಲ್ಲ.

ಮಾರ್ಚ್ 19, ಬುಧವಾರ

ಬರೆಯದೆ ಇರಲು ಆಗುತ್ತಿಲ್ಲ.

ದಾರ ತರಲು ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಪಕ್ಕದಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ತಿರುಗಿ ನೋಡಿದರೆ ನಮ್ಮ ವ್ಯಾನ್. ತಲೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ಹಗ್ಗ ಬಿಗಿದು ಕಟ್ಟಿದೆ. ಒಳಗೂ ಕುರ್ಚಿಗಳು. ಬದಿಯಲ್ಲಿ ನನ್ನ ಅಂಗಡಿಯ ಹೆಸರಿದ್ದ ಕಡೆ ಬಿಳಿ ಬಣ್ಣ ಬಳಿದು, ಅದರ ಮೇಲೆ 'ಕುರ್ಚಿ, ಮೇಜು, ಶಾಮಿಯಾನ ಬಾಡಿಗೆಗೆ' ಎಂದು ಕೆಂಪಕ್ಷರ. ಕೆಳಗೆ ಅವನ ಫೋನ್ ನಂಬರು. ಬಣ್ಣ ತೆಳ್ಳಗೆ ಬಳಿದಿದ್ದಾರೆ. ನನ್ನ ಹೆಸರು ಒಳಗಿನಿಂದ ಮಂಕಾಗಿ ಕಾಣುತ್ತಿತ್ತು.

ಅವನು ತಲೆ ಎತ್ತಿ ನನ್ನನ್ನು ನೋಡಿದ. ನೋಡಿ ಕೈ ಬೀಸಿದ, ದಿನಾ ಸಿಗುವ ನೆಂಟರನ್ನು ಕಂಡ ಹಾಗೆ, ನಗುನಗುತ್ತಾ.

ನಾನೂ ಕೈ ಬೀಸಿದೆ.

ಹಸಿರು ದೀಪ ಬಂತು, ಅವನು ಹೋದ. ನನ್ನ ಕೈ ಇನ್ನೂ ಮೇಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಪರಿಚಯದೋರಾ?" ಎಂದಳು. ಏನು ಹೇಳಿದೆನೋ ನೆನಪಿಲ್ಲ. ಮನೆಗೆ ಬಂದು ಆ ಕೈಯನ್ನು ಸೋಪು ಹಾಕಿ ತೊಳೆದೆ. ಹುಚ್ಚು.

ಮಾರ್ಚ್ 20, ಗುರುವಾರ

ಹಿಂದಿನ ಬೀದಿಯ ಡ್ರೈವರಮ್ಮನ ಹತ್ತಿರ ಹೋಗಿದ್ದೆ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ಈಗ ಹೆಂಗಸರಿಗೆ ಕಾರು ಕಲಿಸುತ್ತಾರೆ. ಅವರ ಮನೆಯ ಒರಗುಕುರ್ಚಿಗೆ ಹೋದ ವರ್ಷ ಸ್ಪ್ರಿಂಗ್ ಹಾಕಿಕೊಟ್ಟಿದ್ದೆ.

"ಲೈಸೆನ್ಸ್ ಇದೆ, ಓಡಿಸೋಕೆ ಬರಲ್ಲ" ಎಂದೆ.

"ಬಹಳ ಜನ ಹಾಗೇ ಇದ್ದಾರೆ, ರಸ್ತೆ ತುಂಬಾ. ಭಾನುವಾರ ಬೆಳಗ್ಗೆ ಬಾ."

ಮಾರ್ಚ್ 23, ಭಾನುವಾರ

ಖಾಲಿ ಗೋದಾಮಿನ ಅಂಗಳ. ಡ್ರೈವರಮ್ಮ ತಮ್ಮ ಅಣ್ಣನ ಹಳೆಯ ವ್ಯಾನನ್ನೇ ತಂದಿದ್ದರು; ಕಾರು ಕಲಿತು ವ್ಯಾನ್ ಓಡಿಸುವುದು ಬೇಡ ಎಂದರು. ಹತ್ತಿ ಕೂತಾಗ ನೆಲ ಎಷ್ಟು ಕೆಳಗಿದೆ ಅನ್ನಿಸಿತು. ಗಾಡಿ ನಾಲ್ಕು ಸಲ ಕುಪ್ಪಳಿಸಿ ಆಫ್ ಆಯಿತು. ನಾನು ಪ್ರತಿ ಸಲವೂ "ಸಾರಿ" ಎಂದೆ.

"ಯಾರಿಗೆ ಹೇಳ್ತಿದ್ದೀಯ?"

"ನಿಮಗೆ."

"ನನಗೇನಾಯ್ತು? ಗಾಡಿಗೆ ಹೇಳ್ತೀಯ ಅಂದ್ರೆ ಅದಕ್ಕೆ ನಿನ್ನ ಮೇಲೆ ಏನೂ ದ್ವೇಷ ಇಲ್ಲ. ನೀನು ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಕ್ಲಚ್ ನಿಧಾನ ಬಿಡು."

ನಿಧಾನ ಬಿಟ್ಟೆ. ಅಂಗಳದ ಆ ತುದಿಯವರೆಗೂ ಹೋಯಿತು. ನಿಲ್ಲಿಸುವುದು ಮರೆತು ಗೋಡೆಯ ಹತ್ತಿರ ಹೋಗಿದ್ದೆ. ಅವರು ಹ್ಯಾಂಡ್‌ಬ್ರೇಕ್ ಎಳೆದರು. "ಹೋಗೋದು ಬಂತು, ಇನ್ನು ನಿಲ್ಲೋದು ಕಲಿ" ಎಂದರು.

ಎಡಗಾಲು ನೋಯುತ್ತಿದೆ. ಭುಜ ನೋಯುತ್ತಿಲ್ಲ, ಏಕೋ.

ಮಾರ್ಚ್ 30, ಭಾನುವಾರ

ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಂದು ಸುತ್ತು. ಈಗ ರಸ್ತೆಗೂ ಬಿಟ್ಟಿದ್ದಾರೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದು ಹತ್ತಕ್ಕೆ ಆರು ಸಲ ಬರುತ್ತದೆ. ಇವತ್ತು ಹಿಂದೆ ನಿಂತವನೊಬ್ಬ ಬಿಡದೆ ಹಾರ್ನ್ ಹೊಡೆದ. ಡ್ರೈವರಮ್ಮ ಕಿಟಕಿಯಿಂದ ತಲೆ ಹಾಕಿ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ರಿವರ್ಸ್ ಹೆಚ್ಚು ಕಲಿಸಿ ಎಂದು ಕೇಳಿದೆ. ಏಕೆ ಎಂದರು. ಅತ್ತೆಯ ಮನೆಯ ಓಣಿ ಮುಂದೆ ಗೋಡೆಗೆ ಮುಗಿಯುತ್ತದೆ. ಒಳಗೆ ಹೋದ ಗಾಡಿ ಹಿಂದಕ್ಕೇ ಬರಬೇಕು. ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಅಂಗಳದಲ್ಲಿ ಹಿಂದಕ್ಕೆ ಬರುವ ದಾರಿಗೆ ಗುರುತಾಗಿ ಇಟ್ಟಿದ್ದ ಎರಡು ಡ್ರಮ್ಮುಗಳನ್ನು ಇನ್ನೂ ಹತ್ತಿರಕ್ಕೆ ಸರಿಸಿ ಇಟ್ಟರು.

ಆದರೆ ಅತ್ತೆಯ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಕುರ್ಚಿ ಸಾಗಿಸುತ್ತಾನೆ ನಿಜ, ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತಿರಬಹುದು. ಕಾಯಿಲೆಯವರನ್ನು ನಡುಬೀದಿಯಲ್ಲಿ ಇಳಿಸಿ ವ್ಯಾನ್ ತರಲು ನನ್ನಿಂದಾಗದು. ಅವರನ್ನೇ ಕೇಳಬೇಕು.

ಏಪ್ರಿಲ್ 2, ಬುಧವಾರ

ಆಸ್ಪತ್ರೆಯ ಡಯಾಲಿಸಿಸ್ ಕೋಣೆ. ಸಾಲಾಗಿ ಒರಗುಕುರ್ಚಿಗಳು, ಪ್ರತಿಯೊಂದರ ಪಕ್ಕ ಮೆಲ್ಲಗೆ ತಿರುಗುವ ಯಂತ್ರ. ಕಿಟಕಿ ಹತ್ತಿರದ ಕುರ್ಚಿಯಲ್ಲಿ ಅತ್ತೆ. ಅರ್ಧ ಆಗಿಹೋಗಿದ್ದಾರೆ. ತೋಳಿಗೆ ಕೊಳವೆ, ಇನ್ನೊಂದು ಕೈಯಲ್ಲಿ ದಿನಪತ್ರಿಕೆ.

"ಅತ್ತೆ" ಎಂದೆ. ಬಾಯಿಗೆ ಅದೇ ಬಂತು.

"ಕೂತ್ಕೋ. ಈ ಕುರ್ಚಿಯ ಸ್ಪಂಜು ಸತ್ತುಹೋಗಿದೆ. ಬೆನ್ನು ನೋಯುತ್ತೆ."

ಕೈ ಹಾಕಿ ನೋಡಿದೆ. ನಿಜ, ಹಲಗೆ ಸಿಗುತ್ತಿತ್ತು. ನನ್ನ ಶಾಲನ್ನು ಮಡಿಸಿ ಬೆನ್ನಿಗೆ ಕೊಟ್ಟೆ. ಆಮೇಲೆ ಅವರೇ ಕೇಳಿದರು, "ವ್ಯಾನಿಗೆ ಬಂದ್ಯಾ?"

"ನಿಮ್ಮನ್ನ ನೋಡೋಕೆ ಬಂದೆ. ವ್ಯಾನ್ ವಿಷಯವೂ ಇದೆ. ನೀವು ಅದರಲ್ಲೇ ಬರೋದು ಅಂದ್ರು. ಹಾಗಿದ್ರೆ ನಾನು ಕೇಳಲ್ಲ."

ಅತ್ತೆ ಪತ್ರಿಕೆ ಮಡಿಸಿದರು. "ಎರಡು ಸಲ ಕರ್ಕೊಂಡು ಬಂದ. ಹತ್ತೋಕೆ ಎತ್ತರ, ನನ್ನ ಕೈಲಿ ಆಗಲಿಲ್ಲ. ಆಮೇಲೆ ಆಸ್ಪತ್ರೆ ಗಾಡೀನೇ ಬಂದು ಬಿಟ್ಟು ಹೋಗುತ್ತೆ."

ಜಾರಿದ್ದ ಶಾಲನ್ನು ಅವರ ಬೆನ್ನಿಗೆ ಮತ್ತೆ ಸರಿಮಾಡಿದೆ.

"ಅವನು ನನ್ನ ಮಗ. ಅವನನ್ನ ಬಯ್ಯೋಕೆ ನನ್ನ ಹತ್ರ ಬರಬೇಡ. ಮನೇಗೆ ಬಂದಾಗಿಂದ ಅಡುಗೆ ಮಾಡಿ ಹಾಕ್ತಾನೆ, ಕಾಲು ಒತ್ತುತ್ತಾನೆ. ಒಳ್ಳೆಯವನೇ. ಬೇರೆಯವರ ವಸ್ತು ಕೈಲಿದ್ರೆ ತನ್ನದೇ ಅನ್ಸುತ್ತೆ ಅವನಿಗೆ, ಚಿಕ್ಕಂದಿನಿಂದ. ನಾನೂ ತಿದ್ದಲಿಲ್ಲ." ಉಸಿರು ತೆಗೆದುಕೊಂಡರು. "ಆದ್ರೆ ನನ್ನ ಕಾಯಿಲೆನ ಅಡ್ಡ ಇಟ್ಕೊಂಡು ಸುಳ್ಳು ಹೇಳಿದ್ದು ಸರಿ ಅಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗ್ತಾನೆ. ಗಾಡಿ ಓಣಿಯಲ್ಲೇ ಇರುತ್ತೆ. ಬಾ."

"ನೀವೇ ಹೇಳಿದ್ರಿ ಅಂತ ಗೊತ್ತಾದ್ರೆ?"

"ನಾನೇ ಹೇಳ್ತೀನಿ, ಹೇಳಿದ್ದು ನಾನೇ ಅಂತ." ಪತ್ರಿಕೆ ಮತ್ತೆ ಬಿಚ್ಚಿದರು. ಮಾತು ಮುಗಿದಿತ್ತು.

ಶಾಲು ಅಲ್ಲೇ ಬಿಟ್ಟು ಬಂದೆ.

ಏಪ್ರಿಲ್ 6, ಭಾನುವಾರ

ಎಲ್ಲಿಂದ ಶುರುಮಾಡಲಿ. ಕೈ ಇನ್ನೂ ಬಿಸಿಯಾಗಿದೆ.

ಹೆಡ್ ಕಾನ್‌ಸ್ಟೇಬಲ್ಲರಿಗೆ ಫೋನ್ ಮಾಡಿ ಹೇಳಿ, ತಂಗಿಯನ್ನು ಕರೆದುಕೊಂಡು ಹೊರಟೆ. ಅವಳ ಗಂಡನನ್ನು ಕರೆಯಲಿಲ್ಲ. ಮತ್ತೆ ಕಾಫಿ ಕುಡಿದರೆ ಕಷ್ಟ. ಓಣಿ ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಗೋಡೆಗೆ ಮೂತಿ ಇಟ್ಟು ನನ್ನ ವ್ಯಾನ್ ನಿಂತಿತ್ತು. ಕೀಲಿ ಹಾಕಿದೆ, ಬಾಗಿಲು ತೆರೆಯಿತು. ಒಳಗೆಲ್ಲ ಅವನ ಕುರ್ಚಿಗಳು.

"ಹಾಗೇ ತಗೊಂಡು ನಡಿ" ಎಂದಳು ತಂಗಿ.

"ಕುರ್ಚಿ ನನ್ನದಲ್ಲ."

ಇಬ್ಬರೂ ಸೇರಿ ಇಳಿಸಿದೆವು. ಗೋಡೆ ಪಕ್ಕ ನೆರಳಿನಲ್ಲಿ ಒಂದರ ಮೇಲೊಂದು ನೀಟಾಗಿ ಜೋಡಿಸಿದೆ. ತಂಗಿ ಬಯ್ಯುತ್ತಲೇ ಜೋಡಿಸಿದಳು. ಇನ್ನೇನು ಮುಗಿಯಿತು ಎನ್ನುವಾಗ ಮನೆಯ ಬಾಗಿಲು ತೆರೆಯಿತು. ಬನಿಯನ್ನಿನಲ್ಲಿ ಅವನು, ಕೆನ್ನೆ ಮೇಲೆ ದಿಂಬಿನ ಗುರುತು. ಹಿಂದೆ ಕಿಟಕಿಯಲ್ಲಿ ಅತ್ತೆ.

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಕುರ್ಚಿಗಳನ್ನು ನೋಡಿದ, ನನ್ನನ್ನು ನೋಡಿದ.

"ಒಂದು ಮಾತು ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

"ಕೇಳಿದ್ನಲ್ಲ."

ನಾನು ಹತ್ತಿ ಕೂತೆ. ಸೀಟು ಅವನ ಉದ್ದದ ಕಾಲಿಗೆ ಹಿಂದೆ ಸರಿಸಿತ್ತು. ಮುಂದಕ್ಕೆ ಎಳೆದೆ, ಕಿರ್ರೆಂದು ಬಂತು. ಕೀಲಿ ತಿರುಗಿಸಿದೆ. ಹೊರಟು ಒಂದು ಮೊಳ ಹಿಂದೆ ಬಂದು ಆಫ್ ಆಯಿತು. ಮತ್ತೆ ತಿರುಗಿಸಿದೆ. ಮತ್ತೆ ಆಫ್. ಕತ್ತಿನ ಹಿಂದೆ ಬೆವರು ಇಳಿಯಿತು.

ಅವನು ಕಿಟಕಿ ಹತ್ತಿರ ಬಂದ. ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. "ಇಳಿ. ಓಣಿ ಹೊರಗೆ ತೆಗೆದುಕೊಟ್ಟು ಇಳಿದುಬಿಡ್ತೀನಿ. ಎರಡೂ ಕಡೆ ಕಲ್ಲಿದೆ, ನಿನ್ನ ಗಾಡಿನೇ ಕೆಡೋದು." ಎಂದು ಕೈ ಚಾಚಿದ.

ಆ ಕೈ ನನಗೆ ಗೊತ್ತು. ಇಳಿದುಬಿಡಬೇಕು ಅನ್ನಿಸಿತು. ಎಷ್ಟು ಸುಲಭವಾಗಿತ್ತು. ನನ್ನ ಬಲಗೈ ಕೀಲಿಯ ಮೇಲೆಯೇ ಇತ್ತು.

"ಹಿಂದೆ ನಿಂತು ಸ್ವಲ್ಪ ನೋಡು. ಅಷ್ಟು ಸಾಕು" ಎಂದೆ.

ಒಂದು ಕ್ಷಣ ನಿಂತೇ ಇದ್ದ. ಆಮೇಲೆ ವ್ಯಾನಿನ ಹಿಂದೆ ಹೋದ. ಕನ್ನಡಿಯಲ್ಲಿ ಬನಿಯನ್ನಿನ ಬಿಳಿ ಕಂಡಿತು, ಎತ್ತಿದ ಕೈ ಕಂಡಿತು. "ಬಾ, ಬಾ, ಬಾ. ಸ್ವಲ್ಪ ಎಡಕ್ಕೆ. ಸಾಕು. ನೇರ ಬಾ." ಕ್ಲಚ್ ನಿಧಾನ ಬಿಟ್ಟೆ. ಎರಡೂ ಕಡೆಯ ಕಲ್ಲು ಕನ್ನಡಿಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ಸರಿದುಹೋದವು. ಅವನು ಮೋಸ ಮಾಡಲಿಲ್ಲ. ಓಣಿಯ ಬಾಯಿಯವರೆಗೂ ಹಿಂದೆ ಹಿಂದೆ ನಡೆಯುತ್ತಾ ಸರಿಯಾಗಿಯೇ ಹೇಳಿದ. ರಸ್ತೆಗೆ ಬಂದು ನಿಲ್ಲಿಸಿದಾಗ ಇಬ್ಬರಿಗೂ ಏದುಸಿರು.

ತಂಗಿ ಓಡಿಬಂದು ಹತ್ತಿ ಕೂತಳು. "ನಡಿ ಅಕ್ಕ."

ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಈಗ ಮುಖ ಬೇರೆಯಾಗಿತ್ತು. "ಸಂಜೆ ಆ ಕುರ್ಚಿಗಳನ್ನ ಮುಟ್ಟಿಸಬೇಕಿತ್ತು. ಸಂತಾಪ ಸಭೆ. ಸಂಗೀತದ ಮೇಷ್ಟ್ರೊಬ್ಬರು ತೀರಿಕೊಂಡಿದ್ದಾರೆ, ವಯಸ್ಸಾದೋರೆಲ್ಲ ಬರ್ತಾರೆ. ಮಾತು ಕೊಟ್ಟಿದ್ದೀನಿ. ಈಗ ಎಲ್ಲಿ ಗಾಡಿ ಹುಡುಕಲಿ?"

"ಇವನ ಅಮ್ಮನ ಕಾಯಿಲೆ ಆಯ್ತು, ಈಗ ಯಾರದ್ದೋ ಸಾವು" ಎಂದಳು ತಂಗಿ, ಅವನಿಗೆ ಕೇಳುವ ಹಾಗೆಯೇ.

ಸುಳ್ಳಿರಬಹುದು ಎಂದು ನನಗೂ ಅನ್ನಿಸಿತು. ನಿಜವಾಗಿದ್ದರೆ ಮುದುಕರು ನಿಂತಿರಬೇಕಾಗುತ್ತದೆ. ಸ್ವಲ್ಪ ಯೋಚಿಸಿದೆ.

"ಹತ್ತಿಸು. ನಾನೇ ತಂದು ಇಳಿಸಿ ಹೋಗ್ತೀನಿ."

"ನಾನು ಓಡಿಸ್ತೀನಿ, ನಿನಗೆ ಯಾಕೆ ತೊಂದರೆ..."

"ಓಡಿಸೋದು ನಾನು."

ಅವನು ಷರ್ಟ್ ಹಾಕಿಕೊಂಡು ಬಂದು ಕುರ್ಚಿಗಳನ್ನು ಒಂದೊಂದಾಗಿ ಓಣಿಯಿಂದ ಹೊತ್ತು ತಂದ. ತಂಗಿ ಕೈ ಹಾಕಲಿಲ್ಲ, ನಡುವಿನ ಸೀಟಿನಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಅವನು ಕಿಟಕಿ ಪಕ್ಕ. ಇಷ್ಟು ವರ್ಷದಲ್ಲಿ ಅವನು ಆ ಕಡೆ ಕೂತದ್ದು ನಾನು ನೋಡಿರಲಿಲ್ಲ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ದೊಡ್ಡ ವೃತ್ತದಲ್ಲಿ ಒಮ್ಮೆ "ಇಂಡಿಕೇಟರ್" ಎಂದ. ತಂಗಿ ತಿರುಗಿ ನೋಡಿದಳು.

ಸಭೆ ನಿಜವಾಗಿಯೇ ಇತ್ತು. ಒಂದು ಸಭಾಭವನದ ಬಾಗಿಲಲ್ಲಿ ಹೂವು ಹಾಕಿದ ದೊಡ್ಡ ಫೋಟೊ. ಬಿಳಿ ಗಡ್ಡದ ಮನುಷ್ಯ, ಕಣ್ಣು ಮುಚ್ಚಿ ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಆಗಲೇ ಕೆಲವು ಮುದುಕಿಯರು ಗೋಡೆಗೊರಗಿ ನಿಂತಿದ್ದರು. ತಂಗಿ ಮೊದಲು ಇಳಿದು ಕುರ್ಚಿಗಳನ್ನು ಇಳಿಸಲು ಶುರುಮಾಡಿದಳು, ಯಾರೂ ಹೇಳದೆ.

ಎಲ್ಲ ಮುಗಿದ ಮೇಲೆ ಅವನು ವ್ಯಾನಿನ ಹತ್ತಿರ ಬಂದ. "ವಾಪಸ್ ತರೋಕೆ ನಾಳೆ ಬೆಳಗ್ಗೆ..."

"ನಾಳೆಗೆ ಬೇರೆ ಗಾಡಿ ನೋಡ್ಕೋ. ನಿನ್ನ ಹತ್ರ ಇರೋ ಕೀಲಿ ಕೊಡು."

ಜೇಬಿನಿಂದ ಗೊಂಚಲು ತೆಗೆದ. ರಿಂಗಿನಿಂದ ಆ ಕೀಲಿ ಬಿಡಿಸಲು ಬಹಳ ಹೊತ್ತು ಹಿಡಿಯಿತು; ಉಗುರು ಚಿಕ್ಕದು ಅವನಿಗೆ, ಕಚ್ಚುತ್ತಾನೆ. ನಾನು ಸಹಾಯ ಮಾಡಲಿಲ್ಲ. ಕೊನೆಗೂ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, "ಚೆನ್ನಾಗಿ ಓಡಿಸ್ತೀಯ" ಎಂದ. ಹೇಳಲು ಕಷ್ಟವಾಗಿದ್ದು ಕಾಣುತ್ತಿತ್ತು.

"ಅತ್ತೆಯ ಬೆನ್ನಿಗೆ ಒಂದು ದಿಂಬು ಹೊಲಿದು ಕಳಿಸ್ತೀನಿ. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಕೊಡು" ಎಂದೆ.

ಮನೆ ತಲುಪುವವರೆಗೂ ತಂಗಿ ಬಾಯಿ ಬಿಡಲಿಲ್ಲ. ಅವಳ ಬಾಳಿನಲ್ಲಿ ಇದೇ ಮೊದಲು.

ಏಪ್ರಿಲ್ 7, ಸೋಮವಾರ

ಬದಿಯ ಕೆಂಪಕ್ಷರ ತೆಗೆಸಲು ಬಣ್ಣದವನ ಹತ್ತಿರ ಹೋದೆ. ಹೆರೆದು ಹಳೆಯದನ್ನೇ ಮೇಲೆ ತರಲಾ, ಹೊಸದಾಗಿ ಬರೆಯಲಾ ಎಂದು ಕೇಳಿದ. ಹೊಸದಾಗಿ, ದಪ್ಪ ಅಕ್ಷರದಲ್ಲಿ. ಹಸಿರು. ಅತ್ತೆಯ ದಿಂಬಿಗೆ ಮೆತ್ತನೆ ಸ್ಪಂಜು ಕತ್ತರಿಸಿಟ್ಟೆ.

ಏಪ್ರಿಲ್ 12, ಶನಿವಾರ

ಫೋನ್ ಬಂದಿತ್ತು. ಒಂದೇ ದಿನ ವ್ಯಾನ್ ಬೇಕಂತೆ, ಮಧ್ಯಾಹ್ನದೊಳಗೆ ತಂದು ನಿಲ್ಲಿಸುತ್ತಾನಂತೆ. ಆಗಲ್ಲ ಎಂದೆ. ಹೋಟೆಲಿನವರು ಊಟದ ಕೋಣೆಯ ಅಷ್ಟೂ ಕುರ್ಚಿಗಳ ಕೆಲಸ ಕೊಟ್ಟಿದ್ದಾರೆ. ನೀಲಿ ವೆಲ್ವೆಟ್ ಕೇಳುತ್ತಾರೆ, ಸಾರು ಚೆಲ್ಲಿದರೆ ಕಲೆ ಹೋಗುವುದಿಲ್ಲ ಎಂದರೂ ಕೇಳುವುದಿಲ್ಲ. ಎರಡು ಸುರುಳಿ ಬಟ್ಟೆ ತರಬೇಕು. ಇದಕ್ಕೊಬ್ಬರು ಸಹಾಯಕ್ಕೆ ಬೇಕಾಗಬಹುದು. ತಂಗಿಯನ್ನು ಕೇಳಿದರೆ ನಾಲಗೆಯೂ ಜೊತೆಗೆ ಬರುತ್ತದೆ.

ಏಪ್ರಿಲ್ 24, ಗುರುವಾರ

ಊರಾಚೆ ಒಂದು ಮನೆಯಿಂದ ಹಳೆಯ ದಿವಾನ ಮಂಚ ತರಲು ಹೋಗಿದ್ದೆ. ದೂರ. ಒಂದು ತಿರುವು ತಪ್ಪಿ ಬೇರೆ ಕಡೆ ಹೋಗಿ, ಹಿಂದಕ್ಕೆ ಬರಲು ಮನಸ್ಸಾಗದೆ ಹಾಗೇ ಮುಂದೆ ಹೋದೆ. ದಾರಿ ಎಲ್ಲೋ ಹೋಗಿ ಎಲ್ಲೋ ಸೇರಿತು. ಎರಡೂ ಕಡೆ ಕಟಾವು ಮುಗಿದ ಬಯಲು, ಗಾಳಿ. ಕಿಟಕಿ ಇಳಿಸಿದ್ದೆ.

ಮನೆಯಲ್ಲಿ ಒಬ್ಬರೇ ಅಜ್ಜಿ. ದಿವಾನದ ಒಳಗೆ ಕೈ ಹಾಕಿದರೆ ಒಂದು ಬಾಚಣಿಗೆ, ಒಂದು ಗೋಲಿ, ಇಸ್ಪೀಟಿನ ರಾಣಿ ಸಿಕ್ಕವು. ರಾಣಿಯನ್ನು ಕಂಡು ಅಜ್ಜಿ ಬಹಳ ಹೊತ್ತು ನಕ್ಕರು. ಅವರ ಯಜಮಾನರು ಇದಕ್ಕಾಗಿ ಇಡೀ ಮನೆ ಹುಡುಕಿಸಿದ್ದರಂತೆ. ಪಕ್ಕದ ಮನೆಯವರನ್ನು ಕರೆದು ದಿವಾನವನ್ನು ವ್ಯಾನಿಗೆ ಹತ್ತಿಸಿದೆವು. ಹಗ್ಗ ಕಟ್ಟಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದಾಗ ಅಜ್ಜಿ ತಟ್ಟೆಯಲ್ಲಿ ಎರಡು ಲೋಟ ನೀರು ತಂದರು.

"ನಿನ್ನ ಡ್ರೈವರ್ ಎಲ್ಲಿ ಮಗಳೇ? ಬಿಸಿಲಲ್ಲಿ ನಿಂತಿರಬೇಕು ಪಾಪ, ಅವನನ್ನೂ ಕರಿ."

ಬಹಳ ಬಾಯಾರಿಕೆಯಾಗಿತ್ತು. ಎರಡೂ ಲೋಟ ನಾನೇ ಕುಡಿದೆ.